ನನ್ನ ಗಂಡನ ಡಚ್ ಹೆಂಡತಿಯರು

ಕಳೆದ ವಾರ ನನ್ನ ಗಂಡ ಆಫೀಸಿನ ವಿಡಿಯೋ ಕಾಲ್‌ನಲ್ಲಿ ಕೂತು, ತಮಗೆ ಒಬ್ಬರಲ್ಲ, ಹಲವು ಹೆಂಡತಿಯರಿದ್ದಾರೆ ಎಂದು ಘೋಷಿಸಿಬಿಟ್ಟರು. ಅದೂ ಡಚ್ ಭಾಷೆಯಲ್ಲಿ!

ಗಾಬರಿಯಾಗಬೇಡಿ. ನಾನೂ ಮೊದಲು ಗಾಬರಿಯಾಗಿದ್ದೆ.

ನಾವಿರುವುದು ಐರ್ಲೆಂಡಿನ ಅತ್ಲೋನ್‌ನಲ್ಲಿ. ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನನ್ನ ಗಂಡ ರಘು ಅವರ ಹಳೆಯ ಪ್ರಾಜೆಕ್ಟ್ ಕೊರೋನಾಗೆ ಬಲಿಯಾಯಿತು. ಹೊಸದು ಸಿಗಬೇಕಾದರೆ ನೆದರ್ಲೆಂಡ್ಸ್‌ನ ತಂಡವೊಂದು ಇವರನ್ನು ಒಪ್ಪಬೇಕು. ಒಪ್ಪದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಇಲ್ಲಿರಲು ಪರ್ಮಿಟ್ ಎಲ್ಲಿಂದ ಬರಬೇಕು? ಮೆಚ್ಚಿಸೋಣವೆಂದು ಫೋನಿನ ಆ್ಯಪ್‌ನಲ್ಲಿ ಡಚ್ ಕಲಿಯಲು ಕೂತರು.

ಚಿತ್ರ ಬಂದರೆ ಹೆಸರು ಹೇಳಬೇಕು, ಅಷ್ಟೇ. ಒಂದು ಬೆಕ್ಕು ‘ಕಟ್’. ಎರಡಾದರೆ ‘ಕಟ್ಟೆ’. (ಕೂತು ಹರಟೆ ಹೊಡೆಯುವುದೊಂದು ಬಾಕಿ.) ಒಂದು ನಾಯಿ ‘ಹೊಂಟ್’. ಎರಡಾದರೆ ‘ಹೊಂಡೆ’.

“ಅಲ್ರೀ, ಟ ಇದ್ದಿದ್ದು ಡ ಹೇಗಾಯ್ತು?” ಎಂದೆ.

“ಬರೆಯೋದು ಯಾವಾಗ್ಲೂ ಡ ನೇ ಕಣೇ. ನಾಯಿ ಒಂದೇ ಇದ್ರೆ ಟ ಥರ ಕೇಳ್ಸುತ್ತೆ.”

ಒಂಟಿಯಾಗಿದ್ದರೆ ಯಾರಿಗೆ ತಾನೇ ಗಂಟಲು ಕಟ್ಟುವುದಿಲ್ಲ? ಈ ಲಾಕ್‌ಡೌನ್‌ನಲ್ಲಿ ಅದನ್ನು ನಮಗೆ ಬೇರೆ ಹೇಳಿಕೊಡಬೇಕೇ?

ಇವರು ಹೀಗೆ ಒದ್ದಾಡುತ್ತಿರುವಾಗ, ಇಲ್ಲೇ ಹುಟ್ಟಿದ ಮಗಳು ಅನು ಸೋಫಾದ ಮೇಲೆ ಬಿದ್ದುಕೊಂಡೇ ಎಲ್ಲ ಕಲಿತುಬಿಟ್ಟಳು.

ಕೊನೆಗೆ ಆ ಕಾಲ್ ಬಂತು. ಡಚ್ ತಂಡದ ಮುಖ್ಯಸ್ಥೆ ಮನೆಯಲ್ಲಿ ಯಾರ‍್ಯಾರಿದ್ದೀರಿ ಎಂದು ಡಚ್‌ನಲ್ಲೇ ಕೇಳಿದರು. ಇವರು ಮಗಳ ಬಗ್ಗೆ ಸರಿಯಾಗಿಯೇ ಹೇಳಿ, ಆಮೇಲೆ ನನ್ನ ಸುದ್ದಿಗೆ ಬಂದರು. ಅನು ಅಡುಗೆಮನೆಗೆ ಓಡಿಬಂದಳು.

“ಅಮ್ಮಾ! ಅಪ್ಪ ಸೆಡ್ ವೈವ್ಸ್! ನಾಟ್ ವೈಫ್, ವೈವ್ಸ್!”

ನಾನು ಚಪಾತಿ ಲಟ್ಟಿಸುತ್ತಿದ್ದೆ. ಲಟ್ಟಣಿಗೆ ಹಿಡಿದೇ ಧಾವಿಸಿ, ನೇರ ಕ್ಯಾಮೆರಾದ ಮುಂದೆ ನಿಂತೆ. (ಹಿಟ್ಟು ಮೂಗಿನ ಮೇಲೂ ಇತ್ತಂತೆ.) ಮುಖ್ಯಸ್ಥೆ ಇಂಗ್ಲಿಷಿಗೆ ಇಳಿದು, ಬಹಳ ವಿನಯದಿಂದ ಕೇಳಿದರು: “ಇವರು ಎಷ್ಟನೆಯವರು?”

ರಘು ಬೆವೆತುಹೋದರು. “ಅಯ್ಯೋ, ಇರೋದು ಒಬ್ಬರೇ! ಕನ್ನಡದಲ್ಲಿ ಹೆಂಡತಿಯನ್ನ ‘ನಮ್ಮ ಮನೆಯವರು’ ಅಂತೀವಿ. ಒಬ್ಬರೇ ಇದ್ರೂ ಬಹುವಚನ. ಮರ್ಯಾದೆಗೆ. ಅದೇ ಬಾಯಿಗೆ ಬಂದ್‌ಬಿಡ್ತು.”

ಆ ಕಡೆ ನಗುವೋ ನಗು. ಒಬ್ಬರಂತೂ ಕುರ್ಚಿಯಿಂದ ಬೀಳುವುದೊಂದು ಬಾಕಿ. “ಎಂಥಾ ಸುಂದರ ಭಾಷೆ! ನಿಮ್ಮ ಹೆಂಡತಿ ಅದೃಷ್ಟವಂತೆ,” ಎಂದರು ಮುಖ್ಯಸ್ಥೆ, ಕಣ್ಣೊರೆಸಿಕೊಳ್ಳುತ್ತಾ.

ಸಂಜೆ ಮೇಲ್ ಬಂತು. ಇವರು ಆಯ್ಕೆಯಾಗಿದ್ದರು. ಎಷ್ಟೋ ದಿನಗಳ ಮೇಲೆ ನನ್ನ ಎದೆ ಹಗುರಾಯಿತು. ಅನು ಇಲ್ಲಿನ ಐರಿಶ್ ಮಕ್ಕಳಂತೆ “ಗ್ರ್ಯಾಂಡ್!” ಎಂದು ಕುಣಿದಳು. ರಘು ಸೋಫಾದ ಮೇಲೆ ಕಾಲು ಚಾಚಿ, ದೊಡ್ಡದಾಗಿ ಉಸಿರುಬಿಟ್ಟು ಕೂಗಿದರು:

“ಲೇ, ಒಂದ್ ಲೋಟ ಟೀ ತಗೊಂಡ್ ಬಾರೇ!”

ಅಲ್ಲಾ, ನೆದರ್ಲೆಂಡ್ಸ್‌ವರೆಗೂ ಹೋಗಿಬಂದ ನನ್ನ ಬಹುವಚನ, ನಮ್ಮ ಮನೆ ಸೋಫಾದವರೆಗೆ ಬರುವುದು ಯಾವಾಗ?