ಮೆಟ್ಟಿಲ ಮೇಲೆ ಏಳರ ಮಗ್ಗಿ

ಮಗಳಿಗೆ ಆಗ ಎಂಟು ವರ್ಷ. ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಿಗ್ಗೆ ಬೇಗ ಹೊರಡುತ್ತಿದ್ದಳು. ನನಗೆ ಪೀಣ್ಯದ ಮಷಿನ್ ಶಾಪಿನಲ್ಲಿ ಸೆಕೆಂಡ್ ಶಿಫ್ಟ್. ಹಾಗಾಗಿ ಮಗಳನ್ನು ಶಾಲೆಗೆ ಹೊರಡಿಸುವ ಪಾಳಿ ನನ್ನದಾಗಿತ್ತು.

ಶೂ ತರಲು ಒಳಗೆ ಕಳಿಸಿದರೆ, ದಾರಿಯಲ್ಲಿ ಅವಳಿಗೆ ಇರುವೆ ಸಾಲು ಕಾಣುತ್ತಿತ್ತು. ಇರುವೆಗಳಿಗೆ ಹಸಿವಾಗಿದೆ ಎನಿಸುತ್ತಿತ್ತು. ಕೊನೆಗೆ ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು, ಸಕ್ಕರೆ ಡಬ್ಬಿ ಹಿಡಿದು ಹೊರಬರುತ್ತಿದ್ದಳು.

"ಶೂ ಎಲ್ಲೈತವ್ವಾ?" ಎಂದರೆ, "ಯಾವ ಶೂ?" ಎಂದು ನಿಜವಾಗಿಯೂ ಆಶ್ಚರ್ಯಪಡುತ್ತಿದ್ದಳು.

ತರಗತಿಯಲ್ಲೂ ಇದೇ ಕಥೆ. ಅವಳ ಮಿಸ್ ಸೂಚಿಸಿದ ಮೇಲೆ ಡಾಕ್ಟರ ಹತ್ತಿರ ಹೋದೆವು. ಪರೀಕ್ಷಿಸಿದ ಅವರು ಎಡಿಎಚ್‌ಡಿ ಎಂದರು. ನಮ್ಮ ಮುಖ ಬಾಡಿದ್ದು ಕಂಡು, "ಬುದ್ಧಿಗೇನೂ ಕಮ್ಮಿ ಇಲ್ಲ ಕಣ್ರೀ. ಒಂದ್ಕಡೆ ಕೂತು ಗಮನ ಇಡೋದು ಅವ್ಳಿಗೆ ಕಷ್ಟ. ಒಂದ್ಸಲಕ್ಕೆ ಒಂದೇ ಕೆಲ್ಸ ಹೇಳಿ. ಓಡಾಡ್ತಾ ಕಲಿಯೋದಾದ್ರೆ ಓಡಾಡ್ಲಿ" ಎಂದರು.

ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯಲ್ಲಿ ಓಡಾಡಲು ಜಾಗವೆಲ್ಲಿ? ಒಂದು ಕೋಣೆ, ಒಂದು ಅಡುಗೆಮನೆ. ಇದ್ದದ್ದು ಹೊರಗಿನ ಮೆಟ್ಟಿಲು. ಚಾಪೆಯ ಮೇಲೆ ಕೂತರೆ ಏಳರ ಮಗ್ಗಿ ಇಪ್ಪತ್ತೊಂದರಲ್ಲೇ ಮುಗಿದುಹೋಗುತ್ತಿತ್ತು. ಒಂದು ಬೆಳಿಗ್ಗೆ ಮೆಟ್ಟಿಲಿಗೆ ಕರೆದೊಯ್ದು, "ಒಂದೊಂದ್ ಪಾವಟಿಗೀಗೆ ಒಂದೊಂದ್ ಅನ್ಕೋತ ಜಿಗಿ" ಎಂದೆ. ಏಳೊಂದ್ಲ ಏಳು, ಧಡ್. ಏಳೆರಡ್ಲ ಹದಿನಾಲ್ಕು, ಧಡ್. ಎಪ್ಪತ್ತು ಮುಟ್ಟುವಷ್ಟರಲ್ಲಿ ಅವಳು ಮೇಲೆ ನಮ್ಮ ಮನೆಯ ಬಾಗಿಲಲ್ಲಿದ್ದಳು. ಅಲ್ಲಿಂದ ನನ್ನತ್ತ ನೋಡಿದ ಅವಳ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಕೆಲವು ದಿನ ಹೀಗೇ ನಡೆಯಿತು. ಆಮೇಲೆ ಕೆಳಗಿನ ಮನೆಯಿಂದ ಓನರ್ ಅಜ್ಜಿ ಹೊರಬಂದರು. ಕಟ್ಟಡ ಎದ್ದ ಜಾಗದಲ್ಲಿ ಹಿಂದೆ ಅವರ ರಾಗಿ ಹೊಲವಿತ್ತು. ಜೋರು ಬಾಯಿ.

"ಏನಪ್ಪಾ, ಇಂಗೆ ಕುಣಿದ್ರೆ ನನ್ ತಲೆ ಮ್ಯಾಲೇ ಬಿದ್ದಂಗಾಯ್ತದೆ."

ಮನೆ ಖಾಲಿ ಮಾಡಿಸುತ್ತಾರೇನೋ ಎಂದು ಹೆದರಿದೆ. ಡಾಕ್ಟರು ಹೇಳಿದ್ದನ್ನೆಲ್ಲ ತಡವರಿಸುತ್ತಾ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆ ಡೀ ಗೀಡೀ ಎಲ್ಲ ನಂಗೆ ತಿಳೀದು. ಕೂತ್ರೆ ಬರಾಕಿಲ್ಲ, ನೆಗುದ್ರೆ ಬತ್ತದೆ. ಅಷ್ಟೇ ತಾನೆ?"

"ಹೌದ್ರೀ ಅಜ್ಜಿ, ಅಷ್ಟ ನೋಡ್ರಿ."

ಅಜ್ಜಿ ಒಳಗೆ ಹೋಗಿ ಅವರೆಕಾಯಿಯ ಮೊರ ತಂದು ಕೆಳಗಿನ ಮೆಟ್ಟಿಲಲ್ಲೇ ಕೂತರು. "ಎಲ್ಲಿ, ಯೋಳವ್ವ ಕೇಳಾನ."

ನನ್ನ ಮಗಳು ಜಿಗಿಯಲಿಲ್ಲ. "ಫಸ್ಟು ನೀವು ಹೇಳಿ" ಎಂದಳು.

"ನಾನ್ ಇಸ್ಕೂಲ್ ಮೊಕ ನೋಡಿದೋಳಲ್ಲ ಕಣವ್ವ."

"ಹಂಗಾದ್ರೆ ನಾನೇ ಹೇಳ್ಕೊಡ್ತೀನಿ. ನೀವೂ ಜಿಗೀಬೇಕು."

ಮಂಡಿನೋವಿನ ಅಜ್ಜಿ ಚಪ್ಪಾಳೆ ತಟ್ಟುವುದೆಂದು ಒಪ್ಪಂದವಾಯಿತು. ಅಂದಿನಿಂದ ಮಗಳು ಟೀಚರ್. ದಿನವಿಡೀ "ಕೂತ್ಕೋ, ಸುಮ್ನಿರು" ಎಂಬ ಮಾತನ್ನೇ ಕೇಳುತ್ತಿದ್ದವಳಿಗೆ ಈಗ ತಾನೇ ಹೇಳಿಕೊಡಲು ಒಬ್ಬರು ಸಿಕ್ಕಿದ್ದರು. ಅಜ್ಜಿ ತಪ್ಪಿದರೆ ಸಿಟ್ಟಾಗದೆ ಮತ್ತೆ ಹೇಳಿಕೊಡುತ್ತಿದ್ದಳು. ಆ ತಾಳ್ಮೆ ಅವಳಲ್ಲಿ ಎಲ್ಲಿತ್ತೋ ನನಗೆ ಗೊತ್ತಿಲ್ಲ. ಎಲ್ಲ ದಿನವೂ ಹೀಗಿರಲಿಲ್ಲ ಅನ್ನಿ. ಪಾಠದ ಮಧ್ಯೆ ಬೆಕ್ಕಿನ ಹಿಂದೆ ಹೋದ ಟೀಚರ್‌ಗಾಗಿ ಅಜ್ಜಿ ಕಾದು ಕೂತದ್ದೂ ಇದೆ.

ಮೆಟ್ಟಿಲಿನ ವಿಷಯವನ್ನು ಮಿಸ್‌ಗೂ ತಿಳಿಸಿದೆ. ಅವರು ಲೆಕ್ಕದ ಟೆಸ್ಟನ್ನು ಹಿಂದಿನ ಬೆಂಚಿನ ಬಳಿ ನಿಂತೇ ಬರೆಯಲು ಬಿಟ್ಟರು. ಪೇಪರ್ ಮನೆಗೆ ಬಂದಾಗ ಮುಂಭಾಗದ ಲೆಕ್ಕಗಳೆಲ್ಲ ಸರಿ. ಹಿಂಭಾಗ ಖಾಲಿ.

"ಹಿಂದ್ಗಡೆನೂ ಪ್ರಶ್ನೆ ಇತ್ತಾ?" ಎಂದಳು ಮಗಳು.

ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನ ಮಿಸ್ ಆ ಭಾಗವನ್ನೂ ಬರೆಸಿದರು. ಅವಳು ನಿಂತುಕೊಂಡೇ ಬರೆದು ಮುಗಿಸಿದಳು.

ಈಗ ಅವಳು ಆರನೇ ಕ್ಲಾಸು. ಟಿಫಿನ್ ಡಬ್ಬಿ ಇವತ್ತಿಗೂ ಶಾಲೆಯಲ್ಲೇ ಉಳಿಯುತ್ತದೆ. ಅಜ್ಜಿಗೆ ಮಾತ್ರ ಐದರವರೆಗೆ ಮಗ್ಗಿ ಬಾಯಿಪಾಠ. ಸೊಪ್ಪಿನ ಗಾಡಿಯವನು ಲೆಕ್ಕ ಹೇಳುವ ಮುಂಚೆ ತಾವೇ ಹೇಳಿ, ಮೇಲೆ ನಮ್ಮ ಬಾಗಿಲ ಕಡೆ ನೋಡುತ್ತಾರೆ.