ಮಗ್ಗದ ಮನೆಯಲ್ಲಿ ಬೂಟು

ಹೊಸ ರಬ್ಬರಿನ ವಾಸನೆ ಮನೆ ತುಂಬಿತ್ತು. ಹಿಮದಲ್ಲಿ ಜಾರುವ ಹಲಗೆ, ಸ್ನೋಬೋರ್ಡಿಗೆಂದು ತರಿಸಿದ ಬೂಟಿನ ಡಬ್ಬವನ್ನು ಮಗಳು ಬಿಚ್ಚುತ್ತಿದ್ದಳು. ಆ ಹಲಗೆಯನ್ನು ಎರಡು ಸೀಳು ಮಾಡಿ, ಕಾಲಿಗೆ ಕಟ್ಟಿಕೊಂಡು ಹಿಮದ ಗುಡ್ಡ ಹತ್ತಬೇಕಂತೆ. ಮೇಲೆ ಹೋಗಿ ಮತ್ತೆ ಜೋಡಿಸಿ ಜಾರಿ ಇಳಿಯಬೇಕಂತೆ. "ಹತ್ತೋಕೂ ಆಗ್ಬೇಕು, ಜಾರೋಕೂ ಆಗ್ಬೇಕು. ಮನೆ ಒಳಗೇ ಹಾಕ್ಕೊಂಡು ನಡ್ದು ನೋಡ್ಬೇಕಪ್ಪ. ಅಡಿ ಕೊಳೆಯಾದ್ರೆ ವಾಪಸ್ ತಗೊಳಲ್ಲ," ಎಂದಳು.

ನಿಮಗೆ ಇದು ಮಾಮೂಲಿ ಮಾತು ಅನ್ನಿಸಬಹುದು. ನನ್ನ ಕಿವಿ ಬಿಸಿಯಾಯಿತು.

ತೊಂಬತ್ತರ ಆಸುಪಾಸು. ದೊಡ್ಡಬಳ್ಳಾಪುರದ ನಮ್ಮ ಮನೆಯೆಂದರೆ ಎರಡು ಪವರ್‌ಲೂಮು, ಅವು ಬಿಟ್ಟುಕೊಟ್ಟ ಜಾಗದಲ್ಲಿ ನಾವು. ಕಾಲೇಜಿನಿಂದ ಹಿಮಾಲಯದ ಶಿಬಿರಕ್ಕೆ ಆಯ್ಕೆಯಾಗಿ ಬೆಂಗಳೂರಿನಿಂದ ಬೂಟು ತಂದಿದ್ದೆ. ಅಂಗಡಿಯವನೂ ಇದನ್ನೇ ಹೇಳಿದ್ದ: ಮನೆಯೊಳಗೆ ನಡೆದು ನೋಡಿ, ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ ಅಳತೆ ಸರಿಯಿಲ್ಲ, ವಾಪಸ್ ತನ್ನಿ. ನಮ್ಮದೋ ಚಪ್ಪಲಿಯೂ ಹೊಸಿಲು ದಾಟದ ಮನೆ. ಮಗ್ಗದ ಹತ್ತಿರವಂತೂ ಕೇಳಲೇಬೇಡಿ.

ಅಮ್ಮ ಮಗ್ಗ ನಿಲ್ಲಿಸಿದಳು. ನೆಲಕ್ಕೆ ತನ್ನ ಸೀರೆ ಹಾಸಿ, "ಇದ್ರ ಮೇಲೆ ನಡಿಯೋ, ತಪ್ಪೇನಿಲ್ಲ," ಎಂದಳು. ಸೀರೆಯೇ ಹೌದೇ? ತಂಗಿ ಅದು ಹಳೆಯ ಜಮಖಾನ ಅನ್ನುತ್ತಾಳೆ. ನನ್ನ ನಾಚಿಕೆಗೆ ಒಪ್ಪುವಂತೆ ನಾನೇ ಅದನ್ನು ಸೀರೆ ಮಾಡಿಕೊಂಡೆನೋ ಏನೋ. ಮಗ್ಗ ನಿಂತ ಮನೆಯಲ್ಲಿ ನನ್ನ ಹೆಜ್ಜೆ ಬೀದಿಗೆಲ್ಲ ಕೇಳಿದ್ದು ಮಾತ್ರ ಖಂಡಿತ. ಪಕ್ಕದ ಮನೆಯ ರಂಗಣ್ಣ ಬಾಗಿಲಿಗೆ ಬಂದು, "ಏನ್ ಗುರು, ಮಿಲಿಟರಿ ಇಳ್ದ್‌ಬಿಟ್ಟಿದೆ? ಅಮ್ಮನ ಮಗ್ಗ ನಿಲ್ಸಿ ಮೆರವಣಿಗೇನಾ?" ಎಂದ.

ಹಿಮ್ಮಡಿ ಏಳುತ್ತಿತ್ತು.

"ಸರಿಯಾಗೈತೇನೋ?" ಅಂದಳು ಅಮ್ಮ.

"ಸರಿಯಾಗೈತೆ," ಎಂದು ಅವಸರದಲ್ಲಿ ಕಳಚಿದೆ.

ಹಿಮ ಹತ್ತುವ ಮೊದಲ ದಿನವೇ ಹಿಮ್ಮಡಿಯ ಚರ್ಮ ಸುಲಿಯಿತು. ಉಳಿದವರು ಮೇಲೆ ಹೋದರು. ಹಿಮಾಲಯದವರೆಗೆ ಹೋದ ನಾನು ಡೇರೆಯಲ್ಲಿ ಕೂತು ಈರುಳ್ಳಿ ಹೆಚ್ಚಿದೆ. ಮರಳಿದಾಗ ಅಮ್ಮ, "ಮೇಲಿಂದ ಏನ್ ಕಾಣ್ತು?" ಎಂದಳು. "ಎಲ್ಲಾ ಬೆಳ್ಳಗೆ," ಎಂದೆ. "ನಮ್ ಹುಡ್ಗ ಮೇಲಿಂದ ನೋಡವ್ನೆ, ಎಲ್ಲಾ ಬೆಳ್ಳಗಂತೆ," ಎಂದು ಅವಳು ಅದನ್ನು ಬದುಕಿದ್ದಷ್ಟು ದಿನವೂ ಹೇಳಿಕೊಂಡಳು. ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಮಗಳು ನಡುಮನೆಯಲ್ಲಿ ಧಪಧಪ ತಿರುಗುತ್ತಿದ್ದವಳು ನಿಂತಳು. "ಹಿಮ್ಮಡಿ ಏಳ್ತಿದೆ. ವಾಪಸ್ ಕಳಿಸ್ತೀನಿ." ಸಾರಿಗೆ ಉಪ್ಪು ಸಾಲದು ಅನ್ನುವಷ್ಟು ಸಲೀಸಾಗಿ ಅಂದಳು.

"ಕೊಡು, ಒರೆಸ್ಕೊಡ್ತೀನಿ," ಎಂದೆ.

ಅಡಿಯಲ್ಲಿ ಧೂಳೇ ಇರಲಿಲ್ಲ. ಆದರೂ ಪಂಚೆಯ ಅಂಚಿನಿಂದ ಒರೆಸುತ್ತ ಕೂತೆ.