ಶುಭಾಳ ಸೆರಗಿಗೆ ಮರಳಿದ ಡಬ್ಬಿ

ಕುರುಬರಹಳ್ಳಿಯ ಯಶೋದಮ್ಮ ಜಗಳಗಂಟಿಯಲ್ಲ. ಆದರೆ ಎದೆಯೊಳಗಿನ ಕೆಂಡಕ್ಕೆ ಬೂದಿ ಮುಚ್ಚಿ ಹದವಾಗಿ ಕಾಯಬಲ್ಲ ಹೆಂಗಸು.

ಹೋದ ವರ್ಷ ಮಗಳು ಚೈತ್ರಳ ಚೊಚ್ಚಲ ಕೂಸು ಬೆನ್ನುಹುರಿ ಮುಚ್ಚಿಕೊಳ್ಳದೆ ಹುಟ್ಟಿ, ತೊಟ್ಟಿಲು ಕಾಣದೆ ಹೋಯಿತು. ಮದುವೆಯಾದ ಹೊಸದರಲ್ಲೇ ಡಾಕ್ಟರು ಫೋಲಿಕ್ ಆಸಿಡ್ ಮಾತ್ರೆ ಬರೆದಿದ್ದರು. ಎದುರುಮನೆ ಶುಭಾ ಅದನ್ನು ಬಿಡಿಸಿದ್ದಳು. "ಅದು ಬರೀ ಕೆಮಿಕಲ್ ಕಣೇ, ಮೈ ಉಷ್ಣ ಆಗುತ್ತೆ. ಇದು ಸೊಪ್ಪಿಂದ ತೆಗೆದ ಆಕ್ಟಿವ್ ಫೋಲೇಟ್" ಎಂದು ತಾನು ಮಾರುವ ಹಸಿರು ಪುಡಿಯ ಡಬ್ಬಿಯನ್ನು ಕೈಗಿಟ್ಟಿದ್ದಳು.

ಪುಡಿಯಿಂದಲೇ ಹೀಗಾಯಿತು ಎನ್ನಲಾರೆ ಎಂದರು ಡಾಕ್ಟರು. ಆದರೆ ಬಸಿರು ಗೊತ್ತಾಗುವ ಹೊತ್ತಿಗೆಲ್ಲ ಕೂಸಿನ ಬೆನ್ನು ಕೂಡಿಕೊಳ್ಳತೊಡಗಿರುತ್ತದೆ, ಅದನ್ನು ಕಾಯುತ್ತದೆಂದು ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿರುವುದು ಫೋಲಿಕ್ ಆಸಿಡ್ ಮಾತ್ರ, ಎಂದೂ ಹೇಳಿದರು. ಶುಭಾ ಇವರ ಮನೆಗೆ ಬಂದು ಮುಖ ತೋರಿಸಲಿಲ್ಲ. "ಪುಡಿ ಸರಿಯಾಗಿ ಕುಡ್ದಿರಲ್ಲ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಆ ಮಾತು ಯಶೋದಮ್ಮನಲ್ಲಿ ಮುಳ್ಳಾಗಿ ಕೂತಿತು.

ಈ ಸಲದ ವರಮಹಾಲಕ್ಷ್ಮಿಗೆ ಶುಭಾ ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಳು. ಯಶೋದಮ್ಮ ರೇಷ್ಮೆ ಸೀರೆ ಉಟ್ಟೇ ಹೋದಳು. ಶುಭಾಳ ಮನೆ ಮಹಡಿಗೆ ಬಾಡಿಗೆಗೆ ಬಂದ ಹೊಸ ಮದುವಣಗಿತ್ತಿ ಅನಘಾಳ ತಾಂಬೂಲದಲ್ಲಿ ಕಾಯಿ, ಬಳೆಗಳ ಪಕ್ಕ ಅದೇ ಹಸಿರು ಡಬ್ಬಿ.

"ಮಾತ್ರೆ ನಿಲ್ಲಿಸ್ಬಿಡು, ಇದೊಂದೇ ಸಾಕು" ಎಂದಳು ಶುಭಾ.

ಯಶೋದಮ್ಮ ಎದ್ದಳು. ತಾನು ತಂದಿದ್ದ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ತಟ್ಟೆಗಿಟ್ಟು, ಅದರ ಮೇಲೆ ಚೈತ್ರ ಅರ್ಧಕ್ಕೆ ಬಿಟ್ಟ ಡಬ್ಬಿ ಇಟ್ಟಳು.

"ಸೆರಗೊಡ್ಡು ಶುಭಾ."

ದೇವರ ಮುಂದೆ ತಾಂಬೂಲ ಒಲ್ಲೆನ್ನುವ ಹಾಗಿಲ್ಲ. ಶುಭಾ ಒಡ್ಡಿದಳು.

"ನನ್ನ ಮಗಳ ಮಡಿಲಿಗೆ ನೀನು ಹಾಕಿದ್ದು. ವಾಪಸ್ ಇಟ್ಕೊ. ಇದನ್ನ ಯಾವ ಡಾಕ್ಟ್ರು ಬರ್ಕೊಟ್ರು, ಅದನ್ನೂ ಎಲ್ಲರ ಮುಂದೆ ಹೇಳ್ಬಿಡು."

"ಹಬ್ಬದ ದಿನ ಹಿಂಗಾ ಆಂಟಿ ಮಾತಾಡೋದು?"

"ನನ್ನ ಮನೇಲಿ ಈ ವರ್ಷ ಹಬ್ಬ ಇಲ್ಲ ಕಣಮ್ಮ. ಅದಕ್ಕೇ ನಿನ್ನ ಮನೇಲಿ ಮಾಡೋಣ ಅಂತ ಬಂದೆ."

ಅನಘಾ ಮೆಲ್ಲಗೆ ತನ್ನ ತಾಂಬೂಲದಲ್ಲಿದ್ದ ಡಬ್ಬಿ ತೆಗೆದು ನೆಲಕ್ಕಿಟ್ಟಳು. ಅವಳ ಹಿಂದೆಯೇ ಡಬ್ಬಿ ಸಿಕ್ಕಿದ್ದ ಇನ್ನೊಬ್ಬಳು, ಮತ್ತೊಬ್ಬಳು.

ಮನೆಗೆ ಬಂದಾಗ ಚೈತ್ರ ಡಾಕ್ಟರು ಹೊಸದಾಗಿ ಬರೆದ ಹೆಚ್ಚು ಶಕ್ತಿಯ ಫೋಲಿಕ್ ಆಸಿಡ್ ಮಾತ್ರೆ ನುಂಗುತ್ತಿದ್ದಳು. ಮುಂದಿನ ಬಸಿರಿಗೆ ಮೊದಲೇ ಶುರುಮಾಡಬೇಕಿತ್ತು.

"ಅಮ್ಮ, ಅಷ್ಟೆಲ್ಲ ಮಾಡ್ಬೇಕಿತ್ತಾ?"

"ಇನ್ನೂ ಮಾಡ್ಬೇಕಿತ್ತು."

ವಾರದ ಮೇಲೆ ಶುಭಾ ಮಾರಾಟವಾಗದ ಡಬ್ಬಿಗಳನ್ನು ಕಸದ ಗಾಡಿಗೆ ಸುರಿದಳು. ಯಶೋದಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತು, ಗಾಡಿ ತಿರುವು ದಾಟುವವರೆಗೂ ಕಣ್ತುಂಬ ನೋಡಿದಳು.